ಪೊರೆ ತೆಗೆದ ಮೇಲೂ ಉಳಿಯುವ ಮಸುಕು

ಅರವತ್ತು ದಾಟಿದ ಹಿರಿಯರಿರುವ ಮನೆಯಲ್ಲಿ ಕಣ್ಣಿನ ಪೊರೆಯ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ನಮ್ಮ ಗೋರೆಗಾಂವ್‌ನ ಕನ್ನಡ ಮನೆಗಳಲ್ಲಿ ಅದನ್ನು ಕೆಲವರು ಪೊರೆಯೆಂದೂ ಕೆಲವರು ಪರದೆಯೆಂದೂ ಕರೆಯುತ್ತಾರೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮಕ್ಕಳು ನೆರೆಯವರಿಂದ ಕಲಿತ ಮೋತಿಬಿಂದು ಎಂಬ ಮಾತನ್ನೇ ಆಡುತ್ತಾರೆ. ಹೆಸರು ಯಾವುದಾದರೇನು, ಇಂದು ಅದಕ್ಕೆ ಹಿಂದಿನಂತೆ ಯಾರೂ ಹೆದರುವುದಿಲ್ಲ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಮನೆ ಸೇರುವಂಥ ಶಸ್ತ್ರಕ್ರಿಯೆ ಅದು. ಆದರೆ ಆಪರೇಶನ್ ಆಗಿ ಎರಡು ಮೂರು ತಿಂಗಳು ಕಳೆದ ಮೇಲೆ ಅದೇ ಹಿರಿಯರ ಬಾಯಿಂದ ಬೇರೊಂದು ಮಾತು ಕೇಳಿಬರುವುದುಂಟು: “ಬೆಳಕು ಬಂತಪ್ಪಾ, ಆದರೆ ಅಕ್ಷರ ಕೂಡಿಬರುವುದಿಲ್ಲ.” ಸ್ಟೇಷನ್ನಿನ ಇಂಡಿಕೇಟರು ನೋಡಿ, ಬರುವ ಗಾಡಿ ಚರ್ಚ್‌ಗೇಟಿಗೆ ಹೋಗುವುದೋ ಹಾರ್ಬರ್ ಮಾರ್ಗವಾಗಿ ಸಿ.ಎಸ್.ಎಂ.ಟಿ.ಗೆ ಹೋಗುವುದೋ ಎಂದು ಪಕ್ಕದವರನ್ನು ಕೇಳಬೇಕು. ಆರೇ ರಸ್ತೆಯಲ್ಲಿ ನಿಂತರೆ, ಬಸ್ಸು ಎದುರಿಗೆ ಬಂದು ನಿಲ್ಲುವವರೆಗೂ ನಂಬರು ತಿಳಿಯದು. ಸಂಜೆಯ ಭಜನೆಗೆ ಹೋಗುವುದು ನಿಲ್ಲುತ್ತದೆ, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದು ಮೊದಲಾಗುತ್ತದೆ. ಮನೆಯವರು ವಿಚಾರಿಸಿದರೆ, “ವಯಸ್ಸಾಯಿತಲ್ಲ, ಇಷ್ಟು ಕಂಡರೆ ಸಾಕು” ಎಂಬ ಉತ್ತರ.

ಈ ಉತ್ತರವನ್ನು ಮನೆಯವರು ಒಪ್ಪಿಕೊಂಡು ಸುಮ್ಮನಾಗಬಾರದೆಂಬುದೇ ನಮ್ಮ ಈ ಲೇಖನದ ಉದ್ದೇಶ. ಪೊರೆ ತೆಗೆದು ಕೃತಕ ಮಸೂರ ಇಟ್ಟ ಕಣ್ಣಿನಲ್ಲಿ ಮಸುಕು ಉಳಿದಿದ್ದರೆ ಅದಕ್ಕೊಂದು ಕಾರಣವಿರುತ್ತದೆ, ಆ ಕಾರಣವನ್ನು ಅಳೆದು ಕಂಡುಹಿಡಿಯಬಹುದು. ಎಷ್ಟೋ ಸಲ ಅದು ಕಣ್ಣಿನಲ್ಲಿ ಉಳಿದುಹೋದ ‘ನಂಬರು’ ಮಾತ್ರವಾಗಿರುತ್ತದೆ. ಅದನ್ನು ತಿದ್ದಲು ಬರುತ್ತದೆ.

ಉಳಿಕೆ ನಂಬರಿನ ಈ ತೊಂದರೆ ಇಂದು ನೆನ್ನೆಯದಲ್ಲ. ಮಸೂರವಿಡುವ ಶಸ್ತ್ರಕ್ರಿಯೆ ಹುಟ್ಟಿದ ದಿನವೇ ಅದೂ ಹುಟ್ಟಿತು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಎಂಬ ನೇತ್ರವೈದ್ಯರಿದ್ದರು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಮೇಲ್ಗವಸು ಒಡೆದು ಅದರ ಪ್ಲಾಸ್ಟಿಕ್ ಚೂರುಗಳು ಚಾಲಕರ ಕಣ್ಣಿಗೆ ಹೊಕ್ಕಿದ್ದುಂಟು. ಆ ಚೂರುಗಳನ್ನು ಕಣ್ಣು ಸಹಿಸಿಕೊಂಡು ಸುಮ್ಮನಿದ್ದುದನ್ನು ರಿಡ್ಲಿಯವರು ಗಮನಿಸಿದ್ದರು. ಹಾಗಾದರೆ ಅದೇ ವಸ್ತುವಿನಿಂದ ಮಸೂರ ಮಾಡಿ ಕಣ್ಣಿನೊಳಗೆ ಏಕೆ ಇಡಬಾರದು? 1949ರ ನವೆಂಬರ್ 29ರಂದು 45 ವರ್ಷದ ಒಬ್ಬ ಮಹಿಳೆಗೆ ಅವರು ಅಂಥ ಮಸೂರವನ್ನು ಇಟ್ಟೂ ಇಟ್ಟರು. ಮಸೂರ ನಿಂತಿತು. ಆದರೆ ಕಣ್ಣನ್ನು ಪರೀಕ್ಷಿಸಿದಾಗ ಮೈನಸ್ 18 ನಂಬರು, ಮೇಲೆ 6ರಷ್ಟು ಸಿಲಿಂಡರ್! ಮನುಷ್ಯನ ಸಹಜ ಮಸೂರದ ಉಬ್ಬನ್ನೇ ಅನುಸರಿಸಿ ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದರಿಂದ, ಬೆಳಕನ್ನು ಹೆಚ್ಚು ಬಾಗಿಸುವ ಆ ವಸ್ತುವಿನಲ್ಲಿ ಮಸೂರದ ಶಕ್ತಿ ಬಹಳವಾಗಿ ಏರಿಬಿಟ್ಟಿತ್ತು. ಲೋಕದಲ್ಲಿ ಮೊತ್ತಮೊದಲು ಕೃತಕ ಮಸೂರ ಪಡೆದ ಕಣ್ಣೇ ಹೀಗೆ ದಪ್ಪ ಕನ್ನಡಕವನ್ನು ಬೇಡಿತು. ರಿಡ್ಲಿಯವರು ಮಸೂರದ ಉಬ್ಬನ್ನು ತಿದ್ದಿ ಮುಂದುವರಿದರು. ಸಮಕಾಲೀನ ವೈದ್ಯರ ವಿರೋಧವನ್ನು ಬಹುಕಾಲ ಎದುರಿಸಿದ ಅವರಿಗೆ 2000ದಲ್ಲಿ, 93ರ ಇಳಿವಯಸ್ಸಿನಲ್ಲಿ, ‘ಸರ್’ ಪದವಿ ಬಂತು.

ನಮ್ಮ ನಾಡಿಗೆ ಈ ಮಸೂರ ಎಟಕುವ ಬೆಲೆಯಲ್ಲಿ ಬರಲು ಇನ್ನೂ ದಶಕಗಳು ಹಿಡಿದವು. ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ಕಣ್ಣಿನ ಶಿಬಿರ ನಡೆಸುತ್ತಿದ್ದ ಕಾಲವನ್ನು ಬಿಜಾಪುರ, ಧಾರವಾಡ, ದಾವಣಗೆರೆಯ ಕಡೆಯಿಂದ ಬಂದ ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಆ ದಿನಗಳ ಶಿಬಿರಗಳಲ್ಲಿ ಪೊರೆಗಟ್ಟಿದ ಮಸೂರವನ್ನು ತೆಗೆದುಹಾಕುವುದಷ್ಟೇ. ಅದರ ಬದಲಿಗೆ ಕಣ್ಣಿನ ಹೊರಗೆ ಪ್ಲಸ್ 10ರ ಆಸುಪಾಸಿನ, ಸೋಡಾ ಬಾಟಲಿಯ ತಳದಂಥ ಕನ್ನಡಕ. ಅದರಲ್ಲಿ ನೋಡಿದರೆ ಎಲ್ಲವೂ ಕಾಲುಭಾಗದಷ್ಟು ದೊಡ್ಡದಾಗಿ ಕಾಣುತ್ತಿತ್ತು. ನೀರಿನ ಲೋಟಕ್ಕೆ ಕೈಚಾಚಿದರೆ ಲೋಟ ಇನ್ನೂ ಅತ್ತ ಇರುತ್ತಿತ್ತು. ಕನ್ನಡಕ ಕಳೆದರಂತೂ ಮತ್ತೆ ಕುರುಡೇ. ಮಧುರೆಯಲ್ಲಿ ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಸ್ಥಾಪಿಸಿದರು. ಆ ಸಂಸ್ಥೆಯ ಅಂಗವಾಗಿ 1992ರಲ್ಲಿ ಆರೋಲ್ಯಾಬ್ ಪ್ರಾರಂಭವಾಗಿ, ಕಡಮೆ ಬೆಲೆಯ ಮಸೂರಗಳು ನಮ್ಮ ದೇಶದಲ್ಲೇ ತಯಾರಾಗತೊಡಗಿದ ಮೇಲೆ ಬಡವರ ಕಣ್ಣಿಗೂ ಮಸೂರ ಬಂತು.

ಇನ್ನು ಮಸೂರದ ನಂಬರನ್ನು ನಿರ್ಧರಿಸುವ ಬಗೆ. ಪ್ರತಿಯೊಬ್ಬರ ಕಣ್ಣೂ ಬೇರೆ ಬೇರೆ, ಆದ್ದರಿಂದ ಪ್ರತಿಯೊಂದನ್ನೂ ಅಳೆಯಲೇಬೇಕು. ಮುಖ್ಯವಾಗಿ ಅಳತೆ ಎರಡು: ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ ಕಾರ್ನಿಯಾದ ಉಬ್ಬು, ಮತ್ತು ಕಣ್ಣುಗುಡ್ಡೆಯ ಮುಂದಿನಿಂದ ಹಿಂದಿನವರೆಗಿನ ಉದ್ದ. ಸಾಮಾನ್ಯವಾಗಿ ಈ ಉದ್ದ 23ರಿಂದ 24 ಮಿಲಿಮೀಟರ್. ಇದರಲ್ಲಿ ಒಂದೇ ಒಂದು ಮಿಲಿಮೀಟರ್ ತಪ್ಪಿದರೆ ನಂಬರು ಎರಡೂವರೆಯಿಂದ ಮೂರರಷ್ಟು ಹೆಚ್ಚು ಕಡಮೆಯಾಗಿಬಿಡುತ್ತದೆ. ಶಬ್ದತರಂಗದಿಂದ ಅಳೆಯುವ ಯಂತ್ರದ ಕಡ್ಡಿಯನ್ನು ಕಣ್ಣಿಗೆ ಮುಟ್ಟಿಸುವಾಗ ಕೈ ತುಸು ಒತ್ತಿದರೂ ಸಾಕು, ಕಣ್ಣು ಗಿಡ್ಡವಾಗಿ ತೋರಿ, ಬೇಕಾದುದಕ್ಕಿಂತ ಬಲವಾದ ಮಸೂರದ ಆಯ್ಕೆಯಾಗಿ, ಕೊನೆಗೆ ಮೈನಸ್ ನಂಬರು ಉಳಿಯುತ್ತದೆ. ಈ ಅಳತೆಗಳಿಂದ ಮಸೂರದ ಶಕ್ತಿಯನ್ನು ಹೇಳುವ ಸರಳ ಸೂತ್ರವೊಂದನ್ನು 1980ರಲ್ಲಿ ಸ್ಯಾಂಡರ್ಸ್, ರೆಟ್ಜ್‌ಲಾಫ್, ಕ್ರಾಫ್ ಎಂಬ ಮೂವರು ಅಮೆರಿಕನ್ ವೈದ್ಯರು ಕೊಟ್ಟರು; ಅದರ ಮೇಲೆ ಇನ್ನೆಷ್ಟೋ ಸೂತ್ರಗಳು ಬಂದಿವೆ. 1999ರಲ್ಲಿ ಕಣ್ಣನ್ನು ಮುಟ್ಟದೆ ಬೆಳಕಿನಿಂದಲೇ ಅಳೆಯುವ ಯಂತ್ರ ಬಂದಮೇಲೆ ಅಳತೆ ಬಹಳ ಖಚಿತವಾಯಿತು. ಆದರೆ ಪೊರೆ ಪೂರ್ತಿ ಬಲಿತು ಬಿಳಿಯಾಗಿದ್ದರೆ ಬೆಳಕು ಒಳಗೆ ದಾಟುವುದೇ ಇಲ್ಲ. ಆಗ ಮತ್ತೆ ಹಳೆಯ ಶಬ್ದತರಂಗವೇ ಗತಿ. “ಇನ್ನೂ ಬಲಿಯಲಿ, ಆಮೇಲೆ ನೋಡೋಣ” ಎಂದು ವರ್ಷಗಟ್ಟಲೆ ಮುಂದೂಡುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಳತೆಯೆಲ್ಲ ಸರಿಯಾಗಿದ್ದರೂ ಒಂದು ಸಂಗತಿ ಯಾರ ಕೈಯಲ್ಲೂ ಇಲ್ಲ. ಮಸೂರವನ್ನು ಕಣ್ಣಿನೊಳಗಿನ ಸಹಜ ಚೀಲದಲ್ಲಿ ಇಡುತ್ತಾರೆ. ಗಾಯ ಮಾಯುವಾಗ ಆ ಚೀಲ ಕುಗ್ಗಿ, ಮಸೂರ ಕೂದಲೆಳೆಯಷ್ಟು ಮುಂದಕ್ಕೋ ಹಿಂದಕ್ಕೋ ಸರಿಯಬಹುದು, ಅದರೊಡನೆ ನಂಬರೂ ಬದಲಾಗುತ್ತದೆ. ಮಸೂರಗಳು ಸಾಮಾನ್ಯವಾಗಿ ಅರ್ಧ ಅರ್ಧ ನಂಬರಿನ ಅಂತರದಲ್ಲಿ ತಯಾರಾಗುತ್ತವೆ. ಸಿದ್ಧ ಅಂಗಿ ಕೊಂಡಂತೆ, ಹತ್ತಿರದ ಅಳತೆಯದನ್ನು ಆರಿಸಬೇಕು. ಆದ್ದರಿಂದ ಅರ್ಧ ನಂಬರಿನಷ್ಟು ಉಳಿಕೆ ಯಾರ ದೋಷವೂ ಅಲ್ಲ. ಹರೆಯದಲ್ಲಿ ಕನ್ನಡಕ ಬಿಡಲೆಂದು ಲೇಸರ್ ಮಾಡಿಸಿಕೊಂಡವರು ಈಗ ಪೊರೆಯ ವಯಸ್ಸಿಗೆ ಬರುತ್ತಿದ್ದಾರೆ. ಕಾರ್ನಿಯಾದ ಆಕಾರ ಬದಲಾಗಿರುವುದರಿಂದ ಇವರಲ್ಲಿ ಸಾಮಾನ್ಯ ಸೂತ್ರಗಳು ತಪ್ಪುತ್ತವೆ. ಇಪ್ಪತ್ತು ವರ್ಷದ ಹಿಂದಿನ ಲೇಸರಿನ ಸಂಗತಿಯನ್ನು ವೈದ್ಯರಿಗೆ ಹೇಳದೆ ಬಿಡಬಾರದು. ಹಳೆಯ ಕಾಗದಗಳಿದ್ದರೆ ಇನ್ನೂ ಒಳ್ಳೆಯದು.

ಇಲ್ಲೊಂದು ತಿಳಿವಳಿಕೆ ಅಗತ್ಯ. ಸಾಮಾನ್ಯವಾಗಿ ಇಡುವ ಒಂಟಿ ನಾಭಿಯ ಮಸೂರ ಒಂದೇ ದೂರಕ್ಕೆ ಹೊಂದಿರುತ್ತದೆ. ದೂರದ್ದು ಚೆನ್ನಾಗಿ ಕಂಡು, ಓದಲು ಚಾಳೀಸು ಬೇಕಾದರೆ ಅದು ಉಳಿಕೆ ದೋಷವಲ್ಲ, ಆ ಮಸೂರದ ಸ್ವಭಾವ. ಜೀವಮಾನವೆಲ್ಲ ಮೈನಸ್ ಕನ್ನಡಕ ಹಾಕಿ, ಓದುವಾಗ ಮಾತ್ರ ತೆಗೆದಿಟ್ಟು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದವರಿಗೆ ಇದು ದೊಡ್ಡ ಪೆಟ್ಟು. ಆಪರೇಶನ್ ಆದ ಮೇಲೆ ಕಿಟಕಿಯಾಚೆಯ ಗುಡ್ಡ ಕಾಣುತ್ತದೆ, ಕೈಯಲ್ಲಿರುವ ಪಂಚಾಂಗ ಕಾಣುವುದಿಲ್ಲ. ಅಂಥವರಿಗೆ ಬೇಕೆಂದೇ ಮೈನಸ್ ಎರಡರಷ್ಟನ್ನು ಉಳಿಸಿ, ಓದು ಬರಹ ಕನ್ನಡಕವಿಲ್ಲದೆ ಸಾಗುವಂತೆ ಮಾಡಬಹುದು. ದೂರಕ್ಕೆ ಮಾತ್ರ ಕನ್ನಡಕ. ಹೊಲಿಗೆಯ ಕೆಲಸವೋ, ಓದುವ ಹುಚ್ಚೋ, ಸ್ಕೂಟರೋ, ದಿನವಿಡೀ ಅಡಿಗೆಮನೆಯೋ ಎಂದು ಆಪರೇಶನ್ನಿಗೆ ಮೊದಲೇ ವೈದ್ಯರೊಡನೆ ಮಾತಾಡಿಕೊಳ್ಳುವುದು ಲೇಸು. “ಡಾಕ್ಟರಿಗೆ ತಿಳಿಯದೇ?” ಎಂಬ ಸಂಕೋಚ ನಮ್ಮವರಲ್ಲಿ ಹೆಚ್ಚು. ಕಣ್ಣಿನ ವಿಷಯ ಅವರಿಗೆ ತಿಳಿದಿರುತ್ತದೆ, ನಮ್ಮ ದಿನಚರಿ ಹೇಗೆ ತಿಳಿದೀತು?

ಉಳಿದಿರುವ ಮಸುಕು ನಂಬರಿನದೇ ಅಲ್ಲವೇ ಎಂದು ತಿಳಿಯಲು ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಒಂದು ದಪ್ಪ ಕಾಗದಕ್ಕೆ ಸೂಜಿಯಿಂದ ಸಣ್ಣ ತೂತು ಮಾಡಿ. ಇನ್ನೊಂದು ಕಣ್ಣನ್ನು ಒತ್ತದೆ ಅಂಗೈಯಿಂದ ಮುಚ್ಚಿ, ಆಪರೇಶನ್ ಆದ ಕಣ್ಣಿಗೆ ಆ ಕಾಗದವನ್ನು ತಾಕದಂತೆ ಹಿಡಿದು, ತೂತಿನೊಳಗಿಂದ ಗೋಡೆಯ ಕ್ಯಾಲೆಂಡರನ್ನು ನೋಡಿರಿ. ಬರಿಗಣ್ಣಿಗೆ ಕಾಣದ ತಾರೀಖು ತೂತಿನಲ್ಲಿ ಸ್ಪಷ್ಟವಾದರೆ, ಬಹುಮಟ್ಟಿಗೆ ಅದು ತಿದ್ದಬಹುದಾದ ನಂಬರಿನ ದೋಷ. ಸಣ್ಣ ತೂತು ಚೆದರಿದ ಕಿರಣಗಳನ್ನು ತಡೆದು ನಡುವಿನ ಕಿರಣಗಳನ್ನಷ್ಟೇ ಒಳಬಿಡುವುದರಿಂದ ಹೀಗಾಗುತ್ತದೆ. ತೂತಿನಲ್ಲೂ ಮಸುಕಾಗಿಯೇ ಇದ್ದರೆ ಕಾರಣ ಬೇರೆ ಇದ್ದೀತು: ಅಕ್ಷಿಪಟದ ತೊಂದರೆ, ಸಕ್ಕರೆ ಕಾಯಿಲೆಯ ಪರಿಣಾಮ, ಅಥವಾ ಮಸೂರದ ಹಿಂದಿನ ಚೀಲ ಮಬ್ಬುಗಟ್ಟಿರುವುದು. ಈ ಕೊನೆಯದನ್ನು ಜನ “ಪೊರೆ ಮತ್ತೆ ಬಂತು” ಎನ್ನುತ್ತಾರೆ. ಪೊರೆ ಮತ್ತೆ ಬರುವುದಿಲ್ಲ. ಆ ಚೀಲದ ನಡುವೆ ಯಾಗ್ ಎಂಬ ಲೇಸರಿನಿಂದ ಕಿಂಡಿ ಬಿಡಿಸಿದರೆ ಕೆಲವೇ ನಿಮಿಷಗಳಲ್ಲಿ ದಾರಿ ತೆರವಾಗುತ್ತದೆ. ಇನ್ನು ಆಪರೇಶನ್ ಆದ ಕಣ್ಣು ನೋಯುತ್ತಿದ್ದರೆ, ಕೆಂಪಾದರೆ, ಇದ್ದ ದೃಷ್ಟಿ ಥಟ್ಟನೆ ಇಳಿದರೆ ಯಾವ ಪರೀಕ್ಷೆಯೂ ಬೇಡ, ಅಂದೇ ವೈದ್ಯರ ಬಳಿಗೆ ಓಡಬೇಕು.

ನಮ್ಮಂಥ ವಲಸೆಬಂದ ಸಂಸಾರಗಳಲ್ಲಿ ಉಳಿಕೆ ನಂಬರು ಉಳಿದೇ ಹೋಗಲು ಒಂದು ವಿಶೇಷ ಕಾರಣವಿದೆ. ಆರೈಕೆಗೆ ಜನ ಇದ್ದಾರೆಂದು ಕೆಲವರು ಊರಿಗೆ ಹೋಗಿ, ಮಣಿಪಾಲದಲ್ಲೋ ಹುಬ್ಬಳ್ಳಿಯಲ್ಲೋ ಆಪರೇಶನ್ ಮಾಡಿಸಿಕೊಂಡು ಹದಿನೈದು ದಿನಕ್ಕೆ ಮತ್ಸ್ಯಗಂಧಾ ಹತ್ತಿ ಹಿಂತಿರುಗುತ್ತಾರೆ. ಇನ್ನು ಕೆಲವರು ಮಗನ ಮನೆಗೆಂದು ಊರಿನಿಂದ ಬಂದು, ಇಲ್ಲಿ ಮಾಡಿಸಿಕೊಂಡು, ತೋಟ ಗದ್ದೆ ಬಿಟ್ಟಿರಲಾರದೆ ವಾರದಲ್ಲೇ ಹೊರಟುಬಿಡುತ್ತಾರೆ. ಎರಡು ಬಗೆಯಲ್ಲೂ ತಪ್ಪಿಹೋಗುವುದು ಒಂದೇ: ನಾಲ್ಕರಿಂದ ಆರು ವಾರದ ಹೊತ್ತಿಗೆ ಆಗಬೇಕಾದ ಕಣ್ಣಿನ ಪರೀಕ್ಷೆ. ಗಾಯ ಮಾಗಿ ನಂಬರು ಒಂದು ನೆಲೆಗೆ ನಿಲ್ಲುವುದು ಸಾಮಾನ್ಯವಾಗಿ ಆಗಲೇ. ದೊಡ್ಡ ಗಾಯದ ಅಥವಾ ಹೊಲಿಗೆ ಹಾಕಿದ ಆಪರೇಶನ್ನಿಗೆ ಇನ್ನೂ ಕೆಲವು ವಾರ ಬೇಕಾದೀತು. ಮೊದಲ ವಾರದಲ್ಲೇ ಕನ್ನಡಕ ಮಾಡಿಸಿದರೆ ಅದು ವ್ಯರ್ಥ. ಎಂದಿಗೂ ಮಾಡಿಸದಿದ್ದರೆ ಆಪರೇಶನ್ನೇ ಅರ್ಧಕ್ಕೆ ನಿಂತಂತೆ. ಊರಲ್ಲಿ ಮಾಡಿಸಿದವರು ಇಲ್ಲಿಯ ಯಾವ ಕಣ್ಣಿನ ಡಾಕ್ಟರಲ್ಲಾದರೂ ಈ ಪರೀಕ್ಷೆ ಮಾಡಿಸಬಹುದು, ಅದಕ್ಕಾಗಿ ಮರಳಿ ಊರಿಗೆ ಹೋಗಬೇಕಾದ್ದಿಲ್ಲ.

2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2030ರವರೆಗಿನ ಕಣ್ಣಿನ ಆರೈಕೆಯ ಗುರಿಗಳನ್ನು ಒಪ್ಪಿಕೊಂಡಾಗ, ಪೊರೆಯ ಆಪರೇಶನ್ ಎಷ್ಟು ಜನರಿಗೆ ಆಯಿತೆಂಬುದರ ಜೊತೆಗೆ, ಆದ ಮೇಲೆ ಎಷ್ಟು ಜನರಿಗೆ ಚೆನ್ನಾಗಿ ಕಂಡಿತೆಂಬುದನ್ನೂ ಎಣಿಸಬೇಕೆಂದು ಗೊತ್ತುಮಾಡಿದವು. ರಾಷ್ಟ್ರಗಳಿಗಿರುವ ಈ ಲೆಕ್ಕ ನಮ್ಮ ಮನೆಗೂ ಇರಲಿ.

ಪರೀಕ್ಷೆಯ ಕೋಣೆಯಲ್ಲೂ ನಮ್ಮ ಹಿರಿಯರಿಗೆ ಒಂದು ಅಡಚಣೆಯುಂಟು. ಗೋಡೆಯ ಮೇಲಿನ ಫಲಕದಲ್ಲಿ ಇಂಗ್ಲಿಷೋ ದೇವನಾಗರಿಯೋ ಇರುತ್ತದೆ. ಕನ್ನಡ ಮಾತ್ರ ಓದಬಲ್ಲ ತಾಯಿ ಓದಲಾರದೆ ಸುಮ್ಮನೆ ಕುಳಿತರೆ, ಕಾಣದಿರುವುದೋ ತಿಳಿಯದಿರುವುದೋ ಎಂದು ಪರೀಕ್ಷಿಸುವವರಿಗೆ ಗೊತ್ತಾಗುವುದು ಹೇಗೆ? ಅಕ್ಷರ ಬಾರದವರಿಗೆಂದೇ ‘ಈ’ ಎಂಬ ಇಂಗ್ಲಿಷ್ ಅಕ್ಷರವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಬರೆದ ಫಲಕವೊಂದಿದೆ. ಅದರ ಬಾಯಿ ಯಾವ ಕಡೆಗಿದೆಯೆಂದು ಬೆರಳಿನಿಂದ ತೋರಿಸಿದರೆ ಸಾಕು. ಅದನ್ನು ಕೇಳಿ ಪಡೆಯಬೇಕು. “ಇದು ಚೆನ್ನೋ, ಇದು ಚೆನ್ನೋ” ಎಂದು ಗಾಜು ಬದಲಿಸುತ್ತ ಹಿಂದಿಯಲ್ಲೋ ಮರಾಠಿಯಲ್ಲೋ ಅವಸರದಿಂದ ಕೇಳುವಾಗ, ಮಗನೋ ಸೊಸೆಯೋ ಪಕ್ಕದಲ್ಲಿ ನಿಂತು ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಲಿ. ಉತ್ತರವನ್ನು ಮಾತ್ರ ತಾವು ಹೇಳುವುದು ಬೇಡ. “ಅತ್ತೆ, ಎರಡೂ ಒಂದೇ ತರಹ ಕಂಡರೆ ಒಂದೇ ಅಂತ ಹೇಳಿ” ಎಂದು ಧೈರ್ಯ ಕೊಟ್ಟರೆ ಅರ್ಧ ಕೆಲಸವಾಯಿತು.

ಇನ್ನು ತಿದ್ದುವ ಉಪಾಯಗಳು. ಎಲ್ಲಕ್ಕಿಂತ ಸುಲಭವಾದುದು, ಅಪಾಯವಿಲ್ಲದುದು ಕನ್ನಡಕ. ನೂರಕ್ಕೆ ಬಹುಪಾಲು ಜನರಿಗೆ ಅದೇ ಸಾಕೆಂದು ನಮ್ಮ ಅಭಿಪ್ರಾಯ. “ಆಪರೇಶನ್ ಆದ ಮೇಲೂ ಚಷ್ಮಾ ಏಕೆ?” ಎಂದು ಮುಖ ಸಿಂಡರಿಸುವವರಿದ್ದಾರೆ, ಆದರೆ ಹಿಂದಿನವರ ಸೋಡಾ ಬಾಟಲಿಯೆಲ್ಲಿ, ಇಂದಿನ ಒಂದು ಒಂದೂವರೆ ನಂಬರಿನ ತೆಳುಗಾಜೆಲ್ಲಿ! ಫುಟ್‌ಪಾತಿನ ಸಿದ್ಧ ಕನ್ನಡಕದಿಂದ ಮಾತ್ರ ಕೆಲಸ ನಡೆಯದು. ಅದರಲ್ಲಿ ಎರಡು ಕಣ್ಣಿಗೂ ಒಂದೇ ನಂಬರು, ಸಿಲಿಂಡರಂತೂ ಇರುವುದೇ ಇಲ್ಲ. ಆಪರೇಶನ್ನಿಗೆ ಮುಂಚಿನ ಹಳೆಯ ಕನ್ನಡಕವನ್ನೇ ಮುಂದುವರಿಸುವುದೂ ಸಲ್ಲದು. ಒಂದು ಕಣ್ಣಿಗಷ್ಟೇ ಆಪರೇಶನ್ ಆಗಿ ಇನ್ನೊಂದಕ್ಕೆ ದೊಡ್ಡ ನಂಬರಿದ್ದರೆ, ಎರಡು ಕಣ್ಣುಗಳಲ್ಲಿ ಬಿಂಬ ಬೇರೆ ಬೇರೆ ಗಾತ್ರದಲ್ಲಿ ಕಂಡು ತಲೆ ಸುತ್ತುವುದುಂಟು. ಆಗ ಇನ್ನೊಂದು ಕಣ್ಣಿನ ಆಪರೇಶನ್ನನ್ನು ಬೇಗ ಮುಗಿಸುವುದೇ ಉತ್ತಮ ಪರಿಹಾರ.

ಕನ್ನಡಕ ಒಲ್ಲದವರಿಗೆ, ಅಥವಾ ಕನ್ನಡಕಕ್ಕೆ ಮೀರಿದ ನಂಬರಿನವರಿಗೆ, ಬೇರೆ ದಾರಿಗಳಿವೆ. ಕಾರ್ನಿಯಾದ ಮೇಲೆ ಲೇಸರ್ ಹಾಯಿಸಿ ಸಣ್ಣ ಉಳಿಕೆಯನ್ನು ಅಳಿಸಬಹುದು. ಅದಕ್ಕೆ ನಂಬರು ನಿಂತು ಕೆಲವು ತಿಂಗಳಾಗಿರಬೇಕು. ಕಣ್ಣೀರು ಬತ್ತಿದ ಕಣ್ಣಿಗೆ ಅದು ಅಷ್ಟು ಹಿತವಲ್ಲ, ಮುದುಕರಲ್ಲಿ ಅಂಥ ಕಣ್ಣುಗಳೇ ಹೆಚ್ಚು. ಇದ್ದ ಮಸೂರವನ್ನು ಕದಲಿಸದೆ ಅದರ ಮುಂದೆ ಇನ್ನೊಂದು ತೆಳು ಮಸೂರವನ್ನು ಇಡುವುದುಂಟು. ತಪ್ಪು ಬಹಳ ದೊಡ್ಡದಾಗಿದ್ದರೆ ಮಸೂರವನ್ನೇ ಹೊರತೆಗೆದು ಬೇರೊಂದನ್ನು ಇಡುತ್ತಾರೆ. ಚೀಲ ಕುಗ್ಗಿ ಮಸೂರವನ್ನು ಬಿಗಿದುಕೊಳ್ಳುವುದಕ್ಕೆ ಮುಂಚೆ, ಮೊದಲ ಕೆಲವು ವಾರಗಳಲ್ಲೇ ಇದನ್ನು ಮಾಡುವುದು ಸುಲಭ. ಯಾಗ್ ಲೇಸರಿನಿಂದ ಹಿಂದಿನ ಚೀಲವನ್ನು ತೆರೆದುಬಿಟ್ಟಿದ್ದರೆ ಈ ಬದಲಾವಣೆ ಕಷ್ಟವಾಗುತ್ತದೆ, ಅಪಾಯವೂ ಹೆಚ್ಚುತ್ತದೆ. ಆದ್ದರಿಂದ ಹೊಸ ಮಸೂರದಲ್ಲಿ ಸಮಾಧಾನವಿಲ್ಲದವರು, ಮಸುಕು ಯಾವುದರದೆಂದು ಖಚಿತವಾಗುವ ಮೊದಲೇ ಯಾಗ್‌ಗೆ ಅವಸರಪಡಬಾರದು.

ಸಿಲಿಂಡರನ್ನೂ ತಿದ್ದುವ ಟೋರಿಕ್ ಮಸೂರದ ಕತೆ ಬೇರೆ. ಅದು ಗೊತ್ತಾದ ಕೋನದಲ್ಲೇ ಕುಳಿತಿರಬೇಕು. ಒಂದು ಡಿಗ್ರಿ ತಿರುಗಿದರೆ ಅದರ ಗುಣದಲ್ಲಿ ನೂರಕ್ಕೆ ಸುಮಾರು ಮೂರು ಪಾಲು ಹೋಯಿತು, ಮೂವತ್ತು ಡಿಗ್ರಿ ತಿರುಗಿದರೆ ಸಿಲಿಂಡರ್ ತಿದ್ದಿದ ಗುಣವೇ ಇಲ್ಲದಂತಾಯಿತು. ಮೊದಲ ದಿನಗಳಲ್ಲೇ ಕಂಡುಹಿಡಿದರೆ ಅದೇ ಮಸೂರವನ್ನು ಮೆಲ್ಲನೆ ತಿರುಗಿಸಿ ಸರಿಪಡಿಸಬಹುದು. ದೂರಕ್ಕೂ ಹತ್ತಿರಕ್ಕೂ ಒಂದೇ ಎಂದು ಹೇಳಿ ಹೆಚ್ಚಿನ ಬೆಲೆಗೆ ಇಡುವ ಬಹುನಾಭಿಯ ಮಸೂರಗಳು ಸ್ವಲ್ಪ ಉಳಿಕೆ ನಂಬರನ್ನೂ ಸಹಿಸುವುದಿಲ್ಲ. ಅವುಗಳಲ್ಲಿ ರಾತ್ರಿ ದೀಪಗಳ ಸುತ್ತ ಬಳೆ ಕಾಣುವುದೂ ಉಂಟು. “ಇನ್ನು ಜನ್ಮದಲ್ಲಿ ಚಷ್ಮಾ ಬೇಡ” ಎಂಬ ಭರವಸೆ ಕೇಳಿದಾಗ ವಾಚಕರು ತುಸು ನಿಧಾನಿಸಲಿ. ಕಣ್ಣಿನೊಳಗೆ ಇಟ್ಟ ಮೇಲೆ ನೇರಳಾತೀತ ಬೆಳಕು ಹಾಯಿಸಿ ನಂಬರನ್ನು ತಿದ್ದಬಹುದಾದ ಮಸೂರಕ್ಕೆ 2017ರಲ್ಲಿ ಅಮೆರಿಕದ ಸರಕಾರದ ಒಪ್ಪಿಗೆ ದೊರೆತಿದೆ. ರಿಡ್ಲಿಯವರ ಮೊದಲ ರೋಗಿಗೆ ಅಂಥದೊಂದು ಇದ್ದಿದ್ದರೆ!

ಈ ಎಲ್ಲ ಉಪಾಯಗಳಿಗೂ ಬೇಕಾಗುವ ಒಂದು ವಸ್ತು ಮನೆಯಲ್ಲೇ ಇರಬೇಕು. ಮಸೂರ ಇಟ್ಟ ದಿನ ಆಸ್ಪತ್ರೆಯವರು ಒಂದು ಕಾರ್ಡನ್ನೋ ಅಂಟುಚೀಟಿಯನ್ನೋ ಕೊಡುತ್ತಾರೆ. ಅದರಲ್ಲಿ ಮಸೂರದ ಹೆಸರು, ಶಕ್ತಿ, ಕ್ರಮಸಂಖ್ಯೆ ಬರೆದಿರುತ್ತದೆ. ಅಳತೆಯ ಕಾಗದವೂ ಜೊತೆಗಿದ್ದರೆ, ಎಲ್ಲಿ ಲೆಕ್ಕ ತಪ್ಪಿತು, ಇನ್ನೊಂದು ಕಣ್ಣಿಗೆ ಎಷ್ಟು ಹೆಚ್ಚು ಕಡಮೆ ಮಾಡಬೇಕು ಎಂದು ಬೇರೆ ವೈದ್ಯರೂ ಹೇಳಬಲ್ಲರು. ಊರಿನ ಮನೆಯ ಕಪಾಟಿನಲ್ಲಿ ಅದು ಉಳಿದಿದ್ದರೆ, ಅಣ್ಣನಿಗೋ ತಂಗಿಗೋ ಫೋನು ಮಾಡಿ ಎರಡೂ ಕಾಗದಗಳ ಚಿತ್ರ ತೆಗೆದು ಕಳಿಸಲು ಹೇಳಿ. ಬಲಗಣ್ಣಿನದು ಯಾವುದು, ಎಡಗಣ್ಣಿನದು ಯಾವುದು ಎಂದು ಗುರುತುಹಾಕಿ, ಮನೆಯ ಪಾಸ್‌ಬುಕ್ಕಿನೊಡನೆ ಇಡಬಹುದು.